ಗಾಂಧಿನಗರಕ್ಕೆ ಗಾಂಧಿ ಕ್ಲಾಸಿನಿಂದ

ಬೆಳಗಾವಿ ಗಡಿಸೀಮೆಯ ಹಾರೂಗೇರಿ ಕ್ರಾಸಿನ ಚಹಾದಂಗಡಿ ಎದುರು ಕಟ್ಟೆ ಮೇಲೆ ಒಬ್ಬ ಹುಡುಗ ಕೂತಿದ್ದ. ಹನ್ನೆರಡರ ವಯಸ್ಸು ಇರಬಹುದು. ಅಪ್ಪನ ಮೊಬೈಲು ಅವನ ಕೈಯಲ್ಲಿ, ಅಪ್ಪ ಗೊಬ್ಬರದಂಗಡಿಯಲ್ಲಿ. ಬಗ್ಗಿ ನೋಡಿದೆ.

"ಯಾವ ಪಿಕ್ಚರ್ ತಮ್ಮಾ?"

"ಪುಷ್ಪಾ ರೀ ಕಾಕಾ. ಹಿಂದೀದು."

"ಕನ್ನಡದಾಗೂ ಐತಲ್ಲೋ ಅದು?"

ಹುಡುಗ ತಲೆ ಎತ್ತಲಿಲ್ಲ. "ಕನ್ನಡದಾಗ ಅಂವಾ ಮಾತಾಡಿದ್ರ ನಗೀ ಬರ್ತೈತ್ರಿ" ಅಂದ.

ಆ ಮಾತಿಗೆ ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ನಗು ಹೋಯಿತು. ತೆಲುಗಿನ ಸಿನಿಮಾ, ಹಿಂದಿಯ ದನಿ, ನೋಡುವವನು ಕನ್ನಡ ಶಾಲೆಯ ಹುಡುಗ, ಅವನಿಗೆ ನಗು ತರಿಸುವುದು ಮಾತ್ರ ಕನ್ನಡ. ಬೆಂಗಳೂರಿನ ಗಾಂಧಿನಗರದ ನಿರ್ಮಾಪಕರು, ಹಂಚಿಕೆದಾರರು, ಚಲನಚಿತ್ರ ವಾಣಿಜ್ಯ ಮಂಡಳಿಯವರು, ವಿಧಾನಸೌಧದಲ್ಲಿ ಸಿನಿಮಾ ನೀತಿ ಬರೆಯುವವರು ಈ ಸಣ್ಣ ಮಾತನ್ನು ಈಗಲೇ ಕೇಳಿಸಿಕೊಳ್ಳಬೇಕು. ಗಡಿಯ ಊರುಗಳಲ್ಲಿ ಕನ್ನಡ ಸಿನಿಮಾದ ಮುಂದಿನ ಪ್ರೇಕ್ಷಕ ಸದ್ದಿಲ್ಲದೆ ಎದ್ದು ಹೋಗುತ್ತಿದ್ದಾನೆ. ಅವನು ಎದ್ದದ್ದು ಗಲ್ಲಾಪೆಟ್ಟಿಗೆಯಲ್ಲಿ ಇನ್ನೂ ಹತ್ತು ವರ್ಷ ಕಾಣಿಸುವುದಿಲ್ಲ, ಯಾಕೆಂದರೆ ಅವನು ಇನ್ನೂ ಟಿಕೆಟ್ಟಿಗೆ ಸ್ವಂತ ದುಡ್ಡು ಕೊಡುವ ವಯಸ್ಸಿಗೆ ಬಂದಿಲ್ಲ. ದುಡ್ಡು ಕೊಡುವ ವಯಸ್ಸಿಗೆ ಬಂದಾಗ ಅವನ ರುಚಿ ಬಲಿತಿರುತ್ತದೆ.

ಬರೆಯುತ್ತಿರುವವನು ಸಿನಿಮಾ ಪಂಡಿತನಲ್ಲ. ಅಭಿಮಾನಿ. ಜಾತ್ರೆಯ ಟೆಂಟಿನಲ್ಲಿ ನೆಲದ ಮೇಲೆ ಕೂತು, ಆಮೇಲೆ ಟಾಕೀಸಿನ ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಕೂತು, ಪರದೆಗೆ ಚಿಲ್ಲರೆ ಎಸೆದವರ ಪಕ್ಕದಲ್ಲಿ ಸೀಟಿ ಹೊಡೆದವನು. ಹಾಗಾಗಿ ಈ ಲೇಖನದಲ್ಲಿ ಸಿಟ್ಟು ಸ್ವಲ್ಪ ಜಾಸ್ತಿ ಇದ್ದರೆ ಅದು ಸಲಿಗೆಯ ಸಿಟ್ಟು.

ಒಂದು ಹಳೆಯ ಸಂಗತಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಹಾರೂಗೇರಿಯಿಂದ ಕೊಲ್ಹಾಪುರ ಸುಮಾರು ನೂರು ಕಿಲೋಮೀಟರ್, ಬೆಂಗಳೂರು ಐನೂರಕ್ಕೂ ಹೆಚ್ಚು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಆ ಚಿತ್ರದ ಒಂದು ಪ್ರಿಂಟೂ ಇಂದು ಉಳಿದಿಲ್ಲ. ಆದರೆ ಕನ್ನಡ ಪರದೆಯ ಮೇಲೆ ಮೊದಲು ಮಾತಾಡಿದ್ದು ನಮ್ಮ ಸೀಮೆಯ ಮಗ್ಗುಲಲ್ಲಿ ಎಂಬುದು ಅಳಿಸಿಹೋಗುವ ಸಂಗತಿಯಲ್ಲ.

ಅದಕ್ಕೂ ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಸಂಸ್ಥಾನದ ಅರಸ ಚಿಂತಾಮಣರಾವ್ ಪಟವರ್ಧನರಿಗೆ ಅದು ಹಿಡಿಸಿ, ಮರಾಠಿಯಲ್ಲೂ ಇಂಥದೊಂದು ಆಗಲಿ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದರು. ಮರುವರ್ಷ, 1843ರ ನವೆಂಬರ್ 5ಕ್ಕೆ 'ಸೀತಾ ಸ್ವಯಂವರ' ಆಯಿತು. ಮರಾಠಿ ರಂಗಭೂಮಿ ದಿನವನ್ನು ಇವತ್ತಿಗೂ ಆ ತಾರೀಖಿಗೇ ಆಚರಿಸುತ್ತಾರೆ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ನಮ್ಮ ಕಡೆಯ ಗುರ್ಲಹೊಸೂರಿನಲ್ಲಿ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಲ್ಲಿ ಎರಡು ಭಾಷೆ ಒಂದೇ ಒಲೆಯ ಮೇಲೆ ಬೇಯುತ್ತವೆ. ಮಿರಜದ ದವಾಖಾನೆಗೆ ಹೋಗುವವರೂ ಕೊಕಟನೂರ ಯಲ್ಲಮ್ಮನ ಜಾತ್ರೆಗೆ ಹೋಗುವವರೂ ಅವರೇ. ಮರಾಠಿ ಪಿಕ್ಚರು ನೋಡುವವರ ಮೇಲೆ ಕಣ್ಣು ಕೆಂಪು ಮಾಡುವುದು ಈ ಸಂಪಾದಕೀಯದ ಕೆಲಸ ಅಲ್ಲವೇ ಅಲ್ಲ. ಕೊಡುವ ಕೈ ಇದ್ದ ಕಡೆ ಈಗ ಬರೀ ಚಾಚುವ ಕೈ ಉಳಿಯುತ್ತಿದೆಯಲ್ಲ ಎಂಬುದಷ್ಟೇ ಚಿಂತೆ.

ಈಗ ವ್ಯಾಪಾರದ ನಕ್ಷೆ ನೋಡಿ. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂತು, ಸಿನಿಮಾ ಹಂಚಿಕೆಯ ನಕ್ಷೆ ಮಾತ್ರ ಬದಲಾಗಲಿಲ್ಲ. ಹಿಂದಿ ಚಿತ್ರದ ಲೆಕ್ಕದಲ್ಲಿ ಬೆಳಗಾವಿ, ಧಾರವಾಡದ ಕಡೆಯ ಊರುಗಳು ಇಂದಿಗೂ ಬಾಂಬೆ ಸರ್ಕಿಟ್ಟಿಗೆ ಸೇರುತ್ತವೆ. ಕನ್ನಡದವರ ಬಾಯಲ್ಲಿ ನಾವು 'ಬಾಂಬೆ ಕರ್ನಾಟಕ' ಏರಿಯಾ. ಅವರ ಕಣ್ಣು ಬಿಕೆಟಿ ಮೇಲೆ, ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಚಿತ್ರ ಗೆದ್ದಿತೋ ಬಿದ್ದಿತೋ ಎಂಬ ತೀರ್ಪು ಅಲ್ಲಿಯ ಶುಕ್ರವಾರ ಸಂಜೆಗೇ ಬಂದಿರುತ್ತದೆ. ನಮ್ಮ ಕಡೆಯ ಸೀಟಿ ಅಲ್ಲಿಗೆ ಕೇಳುವುದಿಲ್ಲ.

ಮೊದಲು ಹೀಗಿರಲಿಲ್ಲ. ರೀಲಿನ ಡಬ್ಬಿ ಬಸ್ಸಿನ ಟಾಪಿನಲ್ಲಿ ಬರುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಓಡಿದ ಚಿತ್ರ ಹುಬ್ಬಳ್ಳಿಗೆ, ಅಲ್ಲಿಂದ ಗೋಕಾಕಕ್ಕೆ, ಅಥಣಿಗೆ, ಕೊನೆಗೆ ಟೆಂಟಿಗೆ ಬಂದು ತಲುಪುವ ಹೊತ್ತಿಗೆ ತಿಂಗಳುಗಟ್ಟಲೆ ಆಗುತ್ತಿತ್ತು. ಪ್ರಿಂಟಿನ ತುಂಬ ಗೆರೆ, ನಡುನಡುವೆ ಒಂದು ಹಾಡು ಮಾಯ. ಆದರೂ ಅದೊಂದು ದೊಡ್ಡ ವ್ಯವಸ್ಥೆ. ಒಂದೇ ಚಿತ್ರ ದೊಡ್ಡ ಊರಿನ ಎ ಸೆಂಟರಿನಲ್ಲಿ ಹೆಸರು ಗಳಿಸುತ್ತಿತ್ತು, ಸಣ್ಣ ಊರಿನ ಸಿ ಸೆಂಟರಿನಲ್ಲಿ ಬೇರು ಬಿಡುತ್ತಿತ್ತು. ಕಡಿಮೆ ಬಾಡಿಗೆಗೆ ಸಿಕ್ಕ ಹಳೆಯ ಚಿತ್ರದಿಂದ ಸಣ್ಣ ಟಾಕೀಸಿನವನು ವರ್ಷವಿಡೀ ಬದುಕುತ್ತಿದ್ದ. ಡಿಜಿಟಲ್ ಬಂದ ಮೇಲೆ ಎಲ್ಲ ಊರಿಗೂ ಒಂದೇ ದಿನ ಬಿಡುಗಡೆ. ಕೇಳಲಿಕ್ಕೆ ಸಮಾನತೆ. ಆದರೆ ಚಿತ್ರದ ಆಯಸ್ಸು ಎರಡು ವಾರಕ್ಕೆ ಇಳಿಯಿತು. ಮೂರನೇ ವಾರಕ್ಕೆ ಸಣ್ಣ ಊರಿಗೆ ಹಾಕಲು ಏನೂ ಇರುವುದಿಲ್ಲ, ಒಂದೆರಡು ತಿಂಗಳಿಗೆ ಅದೇ ಚಿತ್ರ ಮೊಬೈಲಿನಲ್ಲಿ.

ಅದರ ಮೇಲೆ ನಮ್ಮ ಸ್ಟಾರುಗಳ ನಿಧಾನ. ಯಶ್ ಅವರ 'ಕೆಜಿಎಫ್ ಚಾಪ್ಟರ್ 2' 2022ರ ಏಪ್ರಿಲ್ 14ಕ್ಕೆ ಬಂತು, ದೇಶವೇ ನೋಡಿತು, ನಾವೂ ಕುಣಿದೆವು. ಅದಾದ ಮೇಲೆ ಮೂರು ವರ್ಷಕ್ಕೂ ಮಿಕ್ಕಿ ಅವರ ಹೊಸ ಚಿತ್ರ ಪರದೆಗೆ ಬರಲಿಲ್ಲ. ಪುನೀತ್ 2021ರ ಅಕ್ಟೋಬರ್ 29ಕ್ಕೆ ಹೋದರು. ಅವ್ವ, ಅಕ್ಕ, ಮಕ್ಕಳು ಎಲ್ಲರೂ ಕೂಡಿ ನೋಡುವ ಪಿಕ್ಚರಿನ ಜಾಗ ಅವರ ಜೊತೆಗೇ ಖಾಲಿಯಾಯಿತು. ದೊಡ್ಡವರು ಪ್ಯಾನ್ ಇಂಡಿಯಾ ಕನಸಿಗೆ ಮೂರು ವರ್ಷಕ್ಕೊಂದು ಚಿತ್ರ ಮಾಡಲಿ, ಅದು ಅವರ ಇಷ್ಟ. ಆದರೆ ಟಾಕೀಸಿನ ಕರೆಂಟ್ ಬಿಲ್ಲು ಮೂರು ವರ್ಷಕ್ಕೊಮ್ಮೆ ಬರುವುದಿಲ್ಲ. ಟಾಕೀಸಿಗೆ ವಾರವಾರ ಪಿಕ್ಚರು ಬೇಕು. ಸಿಗದಿದ್ದರೆ ಆ ಜಾಗ ಕಲ್ಯಾಣ ಮಂಟಪ ಆಗುತ್ತದೆ, ಇಲ್ಲವೇ ಗೋದಾಮು ಆಗುತ್ತದೆ. ಮುಂದೆ ದೊಡ್ಡ ಚಿತ್ರ ಬಂದಾಗ ಹಾಕಲು ಪರದೆಯೇ ಇರುವುದಿಲ್ಲ. 2024ರ ಮೇ ತಿಂಗಳಲ್ಲಿ ತೆಲಂಗಾಣದ ಒಂಟಿ ಪರದೆಯ ಚಿತ್ರಮಂದಿರಗಳು ಚಿತ್ರವೂ ಇಲ್ಲ, ಮಂದಿಯೂ ಇಲ್ಲ ಎಂದು ಹತ್ತು ದಿನ ಬಾಗಿಲು ಹಾಕಿಕೊಂಡವು. ಸಿನಿಮಾವನ್ನು ಉಸಿರಾಡುವ ನಾಡಿನ ಪಾಡು ಅದಾದರೆ ನಮ್ಮದನ್ನು ನೀವೇ ಲೆಕ್ಕ ಹಾಕಿ.

ಬೆಂಗಳೂರಿನಲ್ಲಿ ಇದೇ ಹೊತ್ತಿಗೆ ಜಗಳ ನಡೆದದ್ದು ಟಿಕೆಟ್ಟಿನ ಇನ್ನೂರು ರೂಪಾಯಿ ಮಿತಿಗೆ. 2025ರ ಮಾರ್ಚಿನ ಬಜೆಟ್ಟಿನಲ್ಲಿ ಹೇಳಿದ ಮಿತಿಯನ್ನು ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಮಾಡಿತು, ಎರಡೇ ವಾರದೊಳಗೆ ಹೈಕೋರ್ಟು ತಡೆಯಿತು. ಅದೇ ಬಜೆಟ್ಟಿನಲ್ಲಿ ಮೈಸೂರಿಗೆ 150 ಎಕರೆಯಲ್ಲಿ 500 ಕೋಟಿಯ ಚಿತ್ರನಗರಿ ಕೂಡ ಇತ್ತು. ಒಳ್ಳೆಯದೇ. ಆದರೆ ಇನ್ನೂರು ರೂಪಾಯಿಯ ಚರ್ಚೆ ಮಾಲ್ ಇದ್ದವರದು. ನಮ್ಮ ಕಡೆಯ ಪ್ರಶ್ನೆ ಟಿಕೆಟ್ಟಿನ ದರದ್ದಲ್ಲ, ಟಿಕೆಟ್ಟು ಹರಿಯುವ ಕಿಟಕಿಯದು.

ಇನ್ನೊಂದು ಮಾತು, ಸಣ್ಣದು, ಆದರೆ ಹೇಳದೆ ಇರಲಾರೆ. ನಾಟಕ ಕಂಪನಿಗಳು ಕ್ಯಾಂಪು ಹಾಕುತ್ತಿದ್ದದ್ದು ಸುಗ್ಗಿ, ಜಾತ್ರೆ ನೋಡಿಕೊಂಡು. ರೈತನ ಕೈಯಲ್ಲಿ ಯಾವಾಗ ದುಡ್ಡು ಆಡುತ್ತದೆ ಎಂಬುದು ಏಣಗಿ ಬಾಳಪ್ಪನವರಂಥ ಮಾಲೀಕರಿಗೆ ಬಾಯಿಪಾಠ. ಕಬ್ಬಿನ ಬಿಲ್ಲು ಯಾವ ತಿಂಗಳಿಗೆ ಖಾತೆಗೆ ಬೀಳುತ್ತದೆ ಎಂದು ಗಾಂಧಿನಗರದಲ್ಲಿ ಎಷ್ಟು ಜನರಿಗೆ ಗೊತ್ತು? ಉಗಾರ, ರಾಯಬಾಗ, ಅಥಣಿ ಕಡೆ ಗಾಣ ಹಂಗಾಮು ನಡೆದಾಗ ಈ ರಸ್ತೆಗಳಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರು, ಟ್ರ್ಯಾಕ್ಟರಿನಲ್ಲಿ ಹಾಡು. ಆ ತಿಂಗಳುಗಳಲ್ಲಿ ಇಲ್ಲಿಗೆಂದೇ ಒಂದು ಚಿತ್ರ ಬಿಡಬೇಕೆಂದು ಯಾರಿಗೂ ಅನ್ನಿಸಿಲ್ಲ.

ಆ ಹಾಡಿನ ವಿಷಯಕ್ಕೇ ಬರುತ್ತೇನೆ. ಟ್ರ್ಯಾಕ್ಟರಿನಲ್ಲಿ ಕೇಳುವ ಹಾಡು ಸಿನಿಮಾದ್ದಲ್ಲ. ನಮ್ಮದೇ ರಾಯಬಾಗ ತಾಲೂಕಿನ ನಿಪನಾಳದ ಮಾಳು ಎಂಬ ಹುಡುಗ 'ನಾ ಡ್ರೈವರ' ಎಂಬ ಹಾಡು ಹಾಡಿದ, ಯೂಟ್ಯೂಬಿನಲ್ಲಿ ಅದು ರಾಜ್ಯದ ಮೂಲೆಮೂಲೆಗೆ ಹೋಯಿತು. ದೊಡ್ಡ ಕಂಪನಿಯ ಆಡಿಯೋ ಹಕ್ಕಿಲ್ಲ, ವಿದೇಶದ ಲೊಕೇಶನ್ನಿಲ್ಲ. ಇಲ್ಲಿಯ ಮಾತು, ಇಲ್ಲಿಯ ಠೇಕಾ, ಅಷ್ಟೇ. ಮಲ್ಲು ಜಮಖಂಡಿ, ಶಿವಪುತ್ರ ಯಶಾರಧ ಇವರ ಕಾಮಿಡಿಗಳಿಗೂ ಅಷ್ಟೇ ಮಂದಿ. ಅಂದರೆ ಕನ್ನಡದಲ್ಲಿ ಮನರಂಜನೆ ಬೇಡವಾಗಿದೆ ಎಂಬುದು ಸುಳ್ಳು. ಬೇಡವಾಗಿರುವುದು ತನ್ನ ಮಾತಿಲ್ಲದ ಕನ್ನಡ. ರಾಜಧಾನಿಯ ಮನರಂಜನೆ ಮಾಳುವನ್ನು ಏನು ಮಾಡಿತು? 2025ರ ಬಿಗ್ ಬಾಸ್ ಮನೆಯೊಳಗೆ ಕೂಡಿಸಿತು. ಅವನಿಗೆ ಹೆಸರು ಬಂತು, ಸಂತೋಷ. ಆದರೆ ಒಂದು ಸೀಮೆಯ ದನಿಯನ್ನು ಕಥೆಗೆ ಕರೆಯುವುದು ಬೇರೆ, ಪ್ರದರ್ಶನಕ್ಕೆ ಕರೆಯುವುದು ಬೇರೆ.

ಕನ್ನಡ ಸಿನಿಮಾದಲ್ಲಿ ನಮ್ಮ ಮಾತು ಯಾರ ಬಾಯಲ್ಲಿ ಬರುತ್ತದೆ, ನೆನಪು ಮಾಡಿಕೊಳ್ಳಿ. ಹೀರೋನ ದಡ್ಡ ಗೆಳೆಯ, ಹೊಟ್ಟೆಬಾಕ ಪೊಲೀಸು, ಜೋರುಬಾಯಿಯ ಮನೆಮಾಲಕಿ. 'ಐತಿ' 'ಹೋಗ್ತೀನ್ರಿ' ಅಂದರೆ ಚಪ್ಪಾಳೆ. ಅದೂ 'ರೀ' ಎಲ್ಲಿ ಹಚ್ಚಬೇಕೆಂದು ಗೊತ್ತಿಲ್ಲದೆ ಪ್ರತಿ ಶಬ್ದದ ಹಿಂದೆ ಬಾಲ ಕಟ್ಟುತ್ತಾರೆ. ಗೆಳೆಯನಿಗೆ ಯಾರು 'ರೀ' ಅಂತಾರೆ ನಮ್ಮ ಕಡೆ? ಹೀರೋ ಪ್ರೀತಿಸುವುದು, ಅಳುವುದು, ಅಪ್ಪನ ಮುಂದೆ ನಿಂತು ಮಾತಾಡುವುದು ಎಲ್ಲ ಬೆಂಗಳೂರು, ಮೈಸೂರಿನ ಕನ್ನಡದಲ್ಲಿ. ಹಾಗಾದರೆ ಹನ್ನೆರಡರ ಹುಡುಗನಿಗೆ ಯಾವ ಕನ್ನಡ ತನ್ನದು? ಆ ಕನ್ನಡವೂ ದೂರ, ಹಿಂದಿಯೂ ದೂರ. ಎರಡೂ ದೂರವಾದ ಮೇಲೆ ಹೆಚ್ಚು ಅಬ್ಬರ ಇದ್ದದ್ದನ್ನು ಆರಿಸಿಕೊಳ್ಳುತ್ತಾನೆ.

ಬೇರೆಯವರು ಇದನ್ನು ಮಾಡಿ ತೋರಿಸಿದ್ದಾರೆ. ನಾಗರಾಜ ಮಂಜುಳೆ 2016ರಲ್ಲಿ 'ಸೈರಾಟ್' ಮಾಡಿದಾಗ ಕರಮಾಳೆಯ ಮರಾಠಿಯನ್ನು ಪುಣೆಯ ಮರಾಠಿಗೆ ತಿದ್ದಲಿಲ್ಲ. ಹುಡುಗಿ ಬುಲೆಟ್ಟು ಹೊಡೆಯುತ್ತ ಆ ಒರಟು ಮಾತಿನಲ್ಲೇ ಬೈದಳು, ಮಹಾರಾಷ್ಟ್ರ ಹುಚ್ಚಾಯಿತು, ನಮ್ಮ ಕಡೆಯವರೂ ಗಡಿ ದಾಟಿ ಹೋಗಿ ನೋಡಿ ಬಂದರು. ಮರುವರ್ಷ ಅದನ್ನೇ ಕನ್ನಡದಲ್ಲಿ 'ಮನಸು ಮಲ್ಲಿಗೆ' ಎಂದು ತೆಗೆದರು. ನಾಯಕಿಯನ್ನು ಮೂಲದಿಂದಲೇ ತಂದರು, ಮಣ್ಣಿನ ಮಾತನ್ನು ಮಾತ್ರ ತರಲಿಲ್ಲ. ನಮ್ಮೊಳಗೇ ನೋಡಿ: ಕರಾವಳಿಯವರು 2022ರಲ್ಲಿ 'ಕಾಂತಾರ' ಮಾಡಿದರು, 2025ರ ಜುಲೈಯಲ್ಲಿ 'ಸು ಫ್ರಮ್ ಸೋ' ಎಂಬ ಸಣ್ಣ ಚಿತ್ರ ಮಾಡಿದರು. ತಮ್ಮ ದೈವ, ತಮ್ಮ ಊರಿನ ಪುಕ್ಕಲರು, ತಮ್ಮ ರಾಗದ ಕನ್ನಡ. ಹಾರೂಗೇರಿಯವರಿಗೂ ಅರ್ಥವಾಯಿತು, ನಗು ಬಂತು. ಅವರಲ್ಲಿ ಬರೆಯುವವರು, ತೆಗೆಯುವವರು, ನಟಿಸುವವರು ಎಲ್ಲ ಆ ಕಡೆಯವರೇ ಇದ್ದರು. ನಮ್ಮ ಕಡೆ ಅಂಥ ಗುಂಪು ಕಟ್ಟಲಿಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು 1979ರಲ್ಲೇ 'ಕಾಡು ಕುದುರೆ' ನಿರ್ದೇಶಿಸಿದ್ದರು, ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ದಾರಿ ತೆರೆದಿತ್ತು. ಹಿಂದೆ ಯಾರೂ ನಡೆಯಲಿಲ್ಲ.

ಕಥೆಗೇನು ಬರ? 2025ರ ನವೆಂಬರಿನಲ್ಲಿ ಮೂಡಲಗಿ ಹತ್ತಿರ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಉಂಡು, ರಸ್ತೆಯಲ್ಲೇ ಮಲಗಿ, 3,300ಕ್ಕೆ ಎದ್ದರು. ತಮಿಳಿನವರ ಕೈಗೆ ಸಿಕ್ಕಿದ್ದರೆ ಅದರಲ್ಲಿ ಮೂರು ಚಿತ್ರ ಬರುತ್ತಿದ್ದವು.

ಇಷ್ಟೂ ಹೇಳಿದ್ದು ಪರದೆಯ ಮಾತು. ನನ್ನ ಮಟ್ಟಿಗೆ ಅಸಲು ಹಾನಿ ಆದದ್ದು ಅದಕ್ಕೂ ಮೊದಲು, ಮಕ್ಕಳ ಕೈಯಿಂದ ಚಿತ್ರಕಥೆಯ, ಅಂದರೆ ಕಾಮಿಕ್ಸಿನ, ಪುಸ್ತಕ ಜಾರಿದಾಗ. ಇದನ್ನು ಸಿನಿಮಾದವರು ನಂಬುವುದಿಲ್ಲ. ಚಿತ್ರದ ಜೊತೆ ಮಾತನ್ನು ಕೂಡಿಸಿ ಓದುವ ಚಟ ಎಂಟನೇ ವರ್ಷಕ್ಕೆ ಹತ್ತುತ್ತದೆ, ಮತ್ತು ಯಾವ ಭಾಷೆಯಲ್ಲಿ ಹತ್ತುತ್ತದೋ ಆ ಭಾಷೆಯಲ್ಲೇ ಮುಂದೆ ಪಿಕ್ಚರು ನೋಡುವ ಆಸೆ ಹುಟ್ಟುತ್ತದೆ. ನನಗೆ ಹುಟ್ಟಿದ್ದು ಹಾಗೆ. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ಕೊಂಡ ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್, ಮಾಂಡ್ರೇಕ್ ನನಗೆ ಕನ್ನಡದಲ್ಲೇ ಮಾತಾಡಿದರು. ಆಬಿದ್ ಸುರತಿಯ ಬಹಾದೂರ್ ಡಕಾಯಿತರನ್ನು ಬೆನ್ನಟ್ಟಿದ್ದೂ ಕನ್ನಡದಲ್ಲೇ. ಓದಿ ಮುಗಿದ ಮೇಲೆ ಒಂದಕ್ಕೆ ಎರಡು ಅದಲು ಬದಲು. ಚಂದಮಾಮದ ಬೇತಾಳ ಅಂತೂ ಮನೆಯ ಮನುಷ್ಯನೇ ಆಗಿದ್ದ.

ಅಮರ ಚಿತ್ರಕಥೆ ಎಂದ ಕೂಡಲೇ ಎಲ್ಲರೂ ಇಂಗ್ಲಿಷು, ಹಿಂದಿ ನೆನೆಯುತ್ತಾರೆ. ಆ ಮಾಲೆ ಹುಟ್ಟಿದ್ದು ಕನ್ನಡದಲ್ಲಿ. ಬೆಂಗಳೂರಿನ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸಿನವರನ್ನು ಒಪ್ಪಿಸಿ 1965ರಲ್ಲಿ ಕನ್ನಡ ಪುಸ್ತಕಗಳನ್ನು ತಂದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು ದೇಶದ ಮನೆಮನೆಗೆ ಒಯ್ದರು. ಮೊದಲ ವಾಕ್ಚಿತ್ರ ಕೊಲ್ಹಾಪುರದಲ್ಲಿ ಹುಟ್ಟಿ ನಮ್ಮ ಕೈ ತಪ್ಪಿತು, ಚಿತ್ರಕಥೆ ನಮ್ಮಲ್ಲೇ ಹುಟ್ಟಿ ನಮ್ಮ ಕೈ ತಪ್ಪಿತು. ಇಂದ್ರಜಾಲ 1990ರಲ್ಲಿ ನಿಂತಿತು. ಡಿಂಗನ ಬಾಲಮಂಗಳ 2012ರ ಸುಮಾರಿಗೆ, 1949ರಿಂದ ಕನ್ನಡದಲ್ಲಿ ಬರುತ್ತಿದ್ದ ಚಂದಮಾಮ ಕೂಡ ಅದೇ ಆಸುಪಾಸಿಗೆ. ಅದೇ ವರ್ಷಗಳಲ್ಲಿ ಹಳ್ಳಿಗೆ ಸ್ಮಾರ್ಟ್‌ಫೋನು ಬರಲು ಶುರುವಾಯಿತು. ಕೈ ಖಾಲಿಯಾದ ಗಳಿಗೆಗೇ ಇನ್ನೊಂದು ವಸ್ತು ಬಂದು ಕೂತಿತು. ಚಟದ ಜಾಗ ಖಾಲಿ ಉಳಿಯುವುದಿಲ್ಲ.

ಕಾಮಿಕ್ಸಿನ ಕಾಲ ಮುಗಿಯಿತು ಅನ್ನುವವರಿಗೆ ಎರಡು ಉದಾಹರಣೆ. ಬಂಗಾಳದ ನಾರಾಯಣ ದೇವನಾಥ್ 1962ರಲ್ಲಿ 'ಹಾಂದಾ ಭೋಂದಾ' ಶುರು ಮಾಡಿ ಐವತ್ತು ವರ್ಷಕ್ಕೂ ಮಿಕ್ಕಿ ಬರೆದರು, 2021ರಲ್ಲಿ ಪದ್ಮಶ್ರೀ ಬಂತು. ಇನ್ನೊಂದು ನಮ್ಮ ಮಗ್ಗುಲದ್ದೇ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ 1971ರಿಂದ 'ಕಿಶೋರ್' ಎಂಬ ಮಕ್ಕಳ ಮಾಸಿಕ ತರುತ್ತಿದೆ. ಅಂದರೆ ಪಠ್ಯಪುಸ್ತಕ ಅಚ್ಚು ಹಾಕುವ ಸರ್ಕಾರಿ ಸಂಸ್ಥೆಗೇ ಮಕ್ಕಳಿಗೆ ಖುಷಿಯ ಓದು ಬೇಕೆಂದು ಅನ್ನಿಸಿತು. ಗಡಿಯ ಆ ಕಡೆಯ ಹುಡುಗನಿಗೆ ಅದು ಸಿಗುತ್ತದೆ. ಈ ಕಡೆಯ ಹುಡುಗನಿಗೆ ಪುಕ್ಕಟೆ ಪಠ್ಯಪುಸ್ತಕ, ಅದರ ಹಿಂದೆ ಗೈಡು.

ಡಬ್ಬಿಂಗ್ ಬಗ್ಗೆ ಒಂದು ಮಾತು, ಬೈಗುಳ ಬಂದರೂ ಸರಿ. ಐವತ್ತು ವರ್ಷ ನಾವು ಡಬ್ಬಿಂಗ್ ತಡೆದು ಕನ್ನಡ ಉಳಿಸಿದೆವು ಅಂದುಕೊಂಡೆವು. ಮದರಾಸಿನ ನೆರಳಿನಿಂದ ಹೊರಬರಲು ಅರವತ್ತರ ದಶಕದಲ್ಲಿ ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಟಿವಿ ಬಂದ ಮೇಲೂ ಬಾಗಿಲು ಹಾಕಿಕೊಂಡೇ ಕೂತೆವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದವರಿಗೆ ದಂಡ ಹಾಕಿತು, 2017ರಲ್ಲಿ ಕನ್ನಡಕ್ಕೆ ಡಬ್ ಆದ 'ಸತ್ಯದೇವ್ ಐಪಿಎಸ್' ಬಂತು. ಅಷ್ಟರೊಳಗೆ ನಮ್ಮ ಮಕ್ಕಳು ತೆಲುಗಿನ ಹೊಡೆದಾಟವನ್ನೆಲ್ಲ ಹಿಂದಿ ಚಾನೆಲ್ಲುಗಳಲ್ಲಿ ನೋಡಿ ಮುಗಿಸಿದ್ದರು. ನಾವು ತಡೆದದ್ದು ತೆಲುಗನ್ನೂ ಅಲ್ಲ, ತಮಿಳನ್ನೂ ಅಲ್ಲ. ಅವನ್ನು ಕನ್ನಡದಲ್ಲಿ ಕೇಳುವ ಕಿವಿಯನ್ನು. 2021ರಲ್ಲಿ 'ಪುಷ್ಪ'ದ ಕನ್ನಡ ಆವೃತ್ತಿಗೆ ಬೆಂಗಳೂರಿನಲ್ಲೇ ಬೆರಳೆಣಿಕೆಯ ಆಟ ಸಿಕ್ಕಾಗ ಗಲಾಟೆ ಆಯಿತು. ಕಟ್ಟೆ ಮೇಲಿನ ಹುಡುಗನಿಗೆ ನಗು ಯಾಕೆ ಬಂತೆಂಬುದಕ್ಕೆ ಅರ್ಧ ಉತ್ತರ ಅಲ್ಲಿದೆ.

ಉಳಿದರ್ಧಕ್ಕೆ ಕೆಲಸ ಇದೆ, ಅದಕ್ಕೆ 500 ಕೋಟಿ ಬೇಕಿಲ್ಲ. ಗಡಿ ತಾಲೂಕುಗಳಲ್ಲಿ ಇನ್ನೂ ಬಾಗಿಲು ತೆರೆದಿರುವ ಟಾಕೀಸುಗಳಿಗೆ ಕನ್ನಡ ಚಿತ್ರ ಹಾಕಿದ ವಾರಗಳ ಲೆಕ್ಕಕ್ಕೆ ವಿದ್ಯುತ್ ದರದಲ್ಲಿ ರಿಯಾಯಿತಿ ಕೊಡಲಿ. ವಾಣಿಜ್ಯ ಮಂಡಳಿ ವರ್ಷಕ್ಕೊಮ್ಮೆ ಹುಬ್ಬಳ್ಳಿಯಿಂದ ಈಚೆಗಿನ ಊರುಗಳಲ್ಲಿ ಎಷ್ಟು ಪರದೆ ಉಳಿದಿವೆ, ಎಷ್ಟು ವಾರ ಕನ್ನಡ ಓಡಿತು ಎಂದು ಎಣಿಸಿ ಹೇಳಲಿ. ಎಣಿಸದ ರೋಗಕ್ಕೆ ಯಾವ ವೈದ್ಯನೂ ಮದ್ದು ಕೊಡಲಾರ. ನಿರ್ಮಾಪಕರು ನಮ್ಮ ಮಾತು ಬೇಕಾದರೆ ನಮ್ಮ ಕಡೆಯ ಒಬ್ಬನನ್ನು ಸಂಭಾಷಣೆಗೆ ಕೂಡಿಸಿಕೊಳ್ಳಲಿ, ಹೀರೋನ ಸಂಭಾಷಣೆಗೆ.

ಮತ್ತೆ ಧಾರವಾಡದಲ್ಲಿ ಬಾಲವಿಕಾಸ ಅಕಾಡೆಮಿ ಇದೆ, ಹಳ್ಳಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಪಂಚಾಯತಿ ಗ್ರಂಥಾಲಯಗಳಿವೆ. ಅರಿವು ಕೇಂದ್ರ ಎಂದು ಹೊಸ ಬೋರ್ಡೂ ಬಂದಿದೆ. ತಿಂಗಳಿಗೊಂದು ಮೂವತ್ತೆರಡು ಪುಟದ ಚಿತ್ರಕಥೆ ಅಚ್ಚು ಹಾಕಿ ಅಲ್ಲಿಗೆ ಕಳಿಸುವುದು ಕಷ್ಟವೇ? ವಸ್ತು ಬೇಕಾದಷ್ಟಿದೆ. ಕುಲಗೋಡ ತಮ್ಮಣ್ಣ ತಿದ್ದಿದ, ಕೌಜಲಗಿ ನಿಂಗಮ್ಮ ಊರೂರು ಕುಣಿದ ಶ್ರೀಕೃಷ್ಣ ಪಾರಿಜಾತದಲ್ಲಿ ಗೊಲ್ಲತಿ ಕೃಷ್ಣನನ್ನು ಬೈದಾಡುವ ಒಂದು ಪ್ರಸಂಗವೇ ಮೂರು ಸಂಚಿಕೆಗಾಗುತ್ತದೆ. ವಿಜಯಪುರದ ಕಡೆ ಸಿಸು ಸಂಗಮೇಶ, ಶಂ.ಗು. ಬಿರಾದಾರರು ಮಕ್ಕಳಿಗಾಗಿಯೇ ಬರೆದು ಹೋಗಿದ್ದಾರೆ. ಚಿತ್ರ ಬರೆಯುವ ಹುಡುಗರು ಪ್ರತಿ ತಾಲೂಕಿನಲ್ಲಿದ್ದಾರೆ, ಈಗ ಟ್ರ್ಯಾಕ್ಟರಿನ ಹಿಂದೆ ಹೆಸರು ಬರೆದು ಹೊಟ್ಟೆ ಹೊರೆಯುತ್ತಿದ್ದಾರೆ.

ಕಟ್ಟೆಯ ಹುಡುಗನಿಗೆ ಈಗ ಹನ್ನೆರಡು. ಎಸ್ಸೆಸ್ಸೆಲ್ಸಿ ಮುಗಿಸಿ ಕೈಗೆ ಸ್ವಂತ ಮೊಬೈಲು ಬರುವುದಕ್ಕೆ ಇನ್ನು ನಾಲ್ಕು ವರ್ಷ, ಅಂದರೆ ನಾಲ್ಕು ಗಾಣ ಹಂಗಾಮು.